ಯಾರ ತಪ್ಪೂ ಇಲ್ಲದ ಸಿಟ್ಟು

ಇವತ್ತು ಬೆಳಿಗ್ಗೆ ಗುರೆಳ್ಳು ಚಟ್ನಿಯ ಡಬ್ಬಿಯ ಜೊತೆ ಕುಸ್ತಿಗೆ ಬಿದ್ದೆ. ಹಳೆಯ ಸ್ಟೀಲ್ ಡಬ್ಬಿ, ಬಿಗಿ ಮುಚ್ಚಳ. ತಾಟಿನಲ್ಲಿ ರೊಟ್ಟಿ ಆರುತ್ತಿತ್ತು, ಪಕ್ಕದಲ್ಲಿ ಮೊಸರು ಕಾಯುತ್ತಿತ್ತು, ಸವದತ್ತಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಮೊದಲು ಉಗುರಿನಿಂದ ಮೀಟಿದೆ, ಆಮೇಲೆ ಚಮಚದ ಹಿಡಿಯಿಂದ, ಕಡೆಗೆ ಡಬ್ಬಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ. ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ. ಆಗ ನಾನು ಕೋರ್ಟಿನ ದನಿ ತೆಗೆದು, ಇದನ್ನು ಇಷ್ಟು ಬಿಗಿಯಾಗಿ ಮುಚ್ಚಿದವರು ಯಾರು ಎಂದು ಕೇಳಿದೆ. ಮನೆಯಲ್ಲಿರುವವರು ನಾನು, ನನ್ನ ಹೆಂಡತಿ ಶೋಭಾ, ಮತ್ತು ಗೋಡೆ ಹಿಡಿದುಕೊಂಡು ಈಗಷ್ಟೇ ನಡೆಯಲು ಕಲಿಯುತ್ತಿರುವ ಮಗಳು. ಮಗಳ ಮೇಲೆ ಆರೋಪ ನಿಲ್ಲುವುದಿಲ್ಲ. ನಿನ್ನೆ ಊಟಕ್ಕೆ ಚಟ್ನಿ ಹಾಕಿಕೊಂಡು ಮುಚ್ಚಿದವರು ನೀವೇ ಎಂದು ಶೋಭಾ ಒಳಗಿನಿಂದ ತಣ್ಣಗೆ ಹೇಳಿದಳು.

ಶೋಭಾ ಇಲ್ಲೇ ಬೈಲಹೊಂಗಲದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತಾಳೆ. ನಾನು ದಿನಾ ಬಸ್ಸು ಹಿಡಿದು ಸವದತ್ತಿ ಕೋರ್ಟಿಗೆ ಹೋಗಿಬರುವ ವಕೀಲ. ಒಂದೇ ಸೂರಿನಡಿ ಮನಃಶಾಸ್ತ್ರವೂ ಕಾನೂನೂ ಸಂಸಾರ ಹೂಡಿದರೆ ಚಟ್ನಿ ಡಬ್ಬಿ ಕೂಡ ಸುಮ್ಮನೆ ತೆರೆದುಕೊಳ್ಳುವುದಿಲ್ಲ, ಒಂದು ಪಾಠ ಹೇಳಿಯೇ ತೆರೆದುಕೊಳ್ಳುತ್ತದೆ. ಅವಳ ಪಾಠ ಹೀಗೆ: ಮನುಷ್ಯನಿಗೆ ಒಂದು ಆಸೆ ಇರುತ್ತದೆ, ಅದರ ಕಡೆ ಹೊರಟಿರುತ್ತಾನೆ, ನಡುವೆ ಏನೋ ಅಡ್ಡ ಬರುತ್ತದೆ. ಆಗ ಒಳಗೆ ಏಳುವ ಕುದಿಗೆ ಫ್ರಸ್ಟ್ರೇಶನ್ ಎನ್ನುತ್ತಾರೆ. ಅಡ್ಡ ಬಂದ ವಸ್ತುವಿನ ಮೇಲೆ ಕೈಸಾಗದಿದ್ದರೆ ಆ ಕುದಿ ಹತ್ತಿರ ಇರುವ, ತಿರುಗಿ ಹೊಡೆಯದ ಮನುಷ್ಯನನ್ನು ಹುಡುಕುತ್ತದೆ. ಹೆಚ್ಚಾಗಿ ಆ ಮನುಷ್ಯ ಹೆಂಡತಿ. ಇದನ್ನು ಅವಳು ಕ್ಲಾಸಿನಲ್ಲಿ ಹೇಳುವಾಗ ನನ್ನ ಹೆಸರು ಹೇಳುವುದಿಲ್ಲವಂತೆ, ಅಷ್ಟು ಉಪಕಾರ ಮಾಡಿದ್ದಾಳೆ. ಅವಳ ವಿದ್ಯಾರ್ಥಿಗಳಿಗೇನೂ ಈ ಮಾತು ಹೊಸದಲ್ಲ. ನೆಟ್‌ವರ್ಕ್ ಹೋದರೆ ಫ್ರಸ್ಟ್ರೇಶನ್, ರಜೆ ಕೊಡದಿದ್ದರೆ ಫ್ರಸ್ಟ್ರೇಶನ್, ಕೊಟ್ಟ ಮೇಲೆ ಮನೆಯಲ್ಲಿ ಕೂತು ಮತ್ತೆ ಫ್ರಸ್ಟ್ರೇಶನ್.

ನಮ್ಮ ಕಾಲಕ್ಕೆ ಈ ಪದ ಇರಲಿಲ್ಲ. ತಲಿ ಕೆಟ್ಟೈತಿ ಅನ್ನುತ್ತಿದ್ದೆವು, ತ್ರಾಸ ಆಗೈತಿ ಅನ್ನುತ್ತಿದ್ದೆವು, ಕೆಲಸ ನಡೆಯುತ್ತಿತ್ತು. ನಮ್ಮಪ್ಪನಿಗೆ ಬಸ್ಸು ತಪ್ಪಿದ ದಿನ ಮನೆಯ ಕ್ಯಾಲೆಂಡರ್ ಸೊಟ್ಟಗೆ ಕಾಣುತ್ತಿತ್ತು. ಯಾರು ಸೊಟ್ಟ ಹಾಕಿದರು ಎಂದು ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದರು. ನಾವು ಪಿಳಿಪಿಳಿ ಕಣ್ಣು ಬಿಡುತ್ತಿದ್ದೆವು. ಈಗ ನಾನೂ ಅದೇ ಬಸ್ಸುಗಳನ್ನು ತಪ್ಪಿಸಿಕೊಳ್ಳುತ್ತೇನೆ. ಹುಣ್ಣಿಮೆ ಬಂತೆಂದರೆ ಸವದತ್ತಿಯಲ್ಲಿ ಇದ್ದಬದ್ದ ಬಸ್ಸೆಲ್ಲ ದೇವಿಯ ಜಾತ್ರೆಗೆಂದು ಗುಡ್ಡಕ್ಕೆ ಹೋಗಿಬಿಡುತ್ತವೆ. ಬೈಲಹೊಂಗಲದ ಬಸ್ಸಿಗೆ ಕಾಯುವ ನಮ್ಮಂಥವರು ಕರಿಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು, ಎರಡೂ ಕಡೆ ಬುತ್ತಿಗಂಟುಗಳ ನಡುವೆ ಕೂತಿರುತ್ತೇವೆ. ಭಕ್ತರ ಮೇಲೆ ಸಿಟ್ಟು ಮಾಡುವಂತಿಲ್ಲ. ದೇವಿಯ ಮೇಲಂತೂ ಸಾಧ್ಯವೇ ಇಲ್ಲ. ಕಡೆಗೆ ಬಂದ ಬಸ್ಸಿನ ಕಂಡಕ್ಟರನ ಮೇಲೆ ಎಲ್ಲರೂ ಮುಗಿಬೀಳುತ್ತಾರೆ, ಪಾಪ, ಬಸ್ಸು ತಂದವನು ಅವನೊಬ್ಬನೇ.

ಕಾನೂನಿನಲ್ಲೂ ಈ ಫ್ರಸ್ಟ್ರೇಶನ್ ಇದೆ ಎಂದರೆ ನೀವು ನಗಬಹುದು. ಇಬ್ಬರು ಕರಾರು ಮಾಡಿಕೊಂಡಿರುತ್ತಾರೆ. ಆಮೇಲೆ ಯಾರ ಕೈಯಲ್ಲೂ ಇಲ್ಲದ ಏನೋ ಒಂದು ನಡೆದು, ಮಾಡಬೇಕಾದ ಕೆಲಸ ಮಾಡಲು ಆಗದ ಹಾಗಾಗುತ್ತದೆ. ಆಗ ಕರಾರು ತಂತಾನೇ ಬಿದ್ದುಹೋಗುತ್ತದೆ. ಮುರಿದವರು ಯಾರೂ ಇಲ್ಲ, ಆದರೂ ಮುರಿದಿದೆ. ನಾನು ಹೊಸದಾಗಿ ಕೋಟು ಹಾಕಿದಾಗ ಮನೋಳಿಯಿಂದ ಬಸಣ್ಣ ಎಂಬ ಕಕ್ಷಿದಾರ ಬಂದಿದ್ದ. ಶ್ರಾವಣದಲ್ಲಿ ನಾಟಕ ಆಡಿಸಲು ಹೊಳೆದಂಡೆಯ ಬಯಲನ್ನು ಒಬ್ಬರಿಂದ ಬಾಡಿಗೆಗೆ ಹಿಡಿದಿದ್ದ. ಪರದೆ ಕಟ್ಟುವ ಹಿಂದಿನ ದಿನ ಮಲಪ್ರಭೆ ಏರಿ ಬಂದು ಬಯಲನ್ನೆಲ್ಲ ತಾನೇ ಹಿಡಿದುಕೊಂಡಳು. ಬಯಲಿನ ಮಾಲೀಕನ ಮೇಲೆ ದಾವೆ ಹಾಕಬೇಕೆಂದು ಬಸಣ್ಣನ ಹಟ. ನಾನು ಆಗಷ್ಟೇ ಪುಸ್ತಕ ಓದಿದ ಹುರುಪಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೊಳೆ ಬಂದದ್ದು ಮಾಲೀಕನ ತಪ್ಪಲ್ಲ, ನಿಮ್ಮದೂ ಅಲ್ಲ, ಯಾರದೂ ಅಲ್ಲ. ಅವನು ಪೂರ್ತಿ ಕೇಳಿಸಿಕೊಂಡು, ಟೋಪಿ ತೆಗೆದು ತಲೆ ಕೆರೆದುಕೊಂಡು ಕೇಳಿದ:

“ಯಾರದೂ ತಪ್ಪಿಲ್ಲಂದ್ರ ನಾ ಯಾರ ಕೂಡ ಜಗಳಾ ಮಾಡ್ಲಿರಿ, ವಕೀಲ್ರ?”

ಇದಕ್ಕೆ ಉತ್ತರ ನನ್ನ ಪುಸ್ತಕದಲ್ಲಿರಲಿಲ್ಲ. ಶೋಭಾಳ ಪುಸ್ತಕದಲ್ಲಿ ಇದೆಯೋ ಏನೋ ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ಅದೇ ನಿಜವಾದ ಪ್ರಶ್ನೆ ಎಂದಳು, ಉತ್ತರ ಹೇಳಲಿಲ್ಲ. ನನಗೆ ಉತ್ತರ ಬೇಕಾದದ್ದು ಕಳೆದ ವರ್ಷ, ನಮ್ಮ ಅಕ್ಕನಿಗೆ ಲಕ್ವಾ ಹೊಡೆದಾಗ.

ನನ್ನ ಅಕ್ಕ ಮಹಾದೇವಿಯನ್ನು ಕೊಟ್ಟಿರುವುದು ರಾಮದುರ್ಗಕ್ಕೆ. ಅವಳ ಗಂಡ, ಅಂದರೆ ನಮ್ಮ ಮಾವನದು ಅಲ್ಲಿ ಸೀರೆ ಅಂಗಡಿ. ಅಂಗಡಿಯಲ್ಲಿ ಮಾವ ಮಾತಾಡಿದ್ದನ್ನು ಕೇಳಿದವರಿಲ್ಲ, ಮಾತೆಲ್ಲ ಅಕ್ಕನದೇ. ಸೀರೆ ಬೇಡವೆಂದು ಎದ್ದ ಹೆಂಗಸನ್ನು ಅವಳ ತವರಿನ ಊರು ಕೇಳಿ, ಅಲ್ಲಿಯ ಯಾರದೋ ಮದುವೆ ನೆನಪಿಸಿ, ಮತ್ತೆ ಕೂರಿಸಿ ಸೀರೆ ಕಟ್ಟಿಕೊಟ್ಟೇ ಕಳಿಸುವವಳು ಅವಳು. ಚಿಕ್ಕಂದಿನಿಂದಲೂ ಹಾಗೇ, ಬಿಡುವವಳಲ್ಲ. ಅಪ್ಪನ ದೊಡ್ಡ ಸೈಕಲ್ಲಿನ ನಡುವೆ ಕಾಲು ತೂರಿಸಿ, ಲಂಗ ಸಿಕ್ಕಿಸಿಕೊಂಡು, ಬೈಲಹೊಂಗಲದ ಓಣಿಯಲ್ಲಿ ಬಿದ್ದು ಎದ್ದು ಕಲಿತಳು. ಹಿಂದಿನಿಂದ ಸೀಟು ಹಿಡಿಯಲು ಓಡಿದ ನನಗೆ, ಹಿಡಿದರೆ ಕೈ ಮುರಿಯುತ್ತೇನೆ ಎಂದಿದ್ದಳು. ಅವಳು ಬಿದ್ದು ಮಂಡಿ ಒಡೆದುಕೊಂಡಾಗ ಅತ್ತವನು ನಾನು. ಅವಳು ನನ್ನನ್ನು ಬೈದು ಸುಮ್ಮನಿರಿಸಿ ಮತ್ತೆ ಹತ್ತಿದಳು.

ಅಂಥ ಅಕ್ಕನ ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಬೇರೆ ಮಾತು. ಬೆಳಗಾವಿಯ ಡಾಕ್ಟರು ಹೇಳಿದ ಪ್ರಕಾರ ಅವಳಿಗೆ ಎಲ್ಲವೂ ತಿಳಿಯುತ್ತದೆ, ಹೇಳಬೇಕಾದ್ದು ಮನಸ್ಸಿನಲ್ಲಿ ಇರುತ್ತದೆ, ಬಾಯಿಗೆ ಬರುವಾಗ ಶಬ್ದ ಸಿಗುವುದಿಲ್ಲ, ಇಲ್ಲವೇ ಬೇರೆ ಶಬ್ದ ಬಂದುಬಿಡುತ್ತದೆ. ನೀರು ಬೇಕಾದಾಗ ಚಪ್ಪಲಿ ಎನ್ನುತ್ತಿದ್ದಳು. ತಾನು ಹೇಳಿದ್ದು ತಪ್ಪು ಎಂದೂ ಅವಳಿಗೆ ಗೊತ್ತಾಗುತ್ತಿತ್ತು, ಅದೇ ನೋಡಲಾಗದ ಸಂಗತಿ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮತ್ತೆ ಪ್ರಯತ್ನಿಸಿದರೆ ಮತ್ತೆ ಚಪ್ಪಲಿಯೇ. ಆಗ ಎಡಗೈಯಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದಳು. ಮಾವ ಪಕ್ಕದಲ್ಲಿ ಕೂತು ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಮೊದಲು ಡಾಕ್ಟರ ಮೇಲೆ ಮಾಡಿದೆ. ಆಮೇಲೆ ಆಸ್ಪತ್ರೆಯ ಲಿಫ್ಟಿನ ಮೇಲೆ. ಹೊರಗೆ ಚಹಾದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಚಹಾದಂಗಡಿಯವನ ಮೇಲೂ ಮಾಡಿಬಂದೆ.

ಆ ಹೊತ್ತಿಗೆ ಶೋಭಾ ಬಸುರಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ನಾನು ನಲವತ್ತು ದಾಟಿದ ಮೇಲೆ, ನಾವಿಬ್ಬರೂ ಆ ಮಾತು ಬಿಟ್ಟೇಬಿಟ್ಟ ಮೇಲೆ ಬಂದ ಬಸುರು. ಈ ಮಗುವಿನ ಮೇಲೆ ನಮಗಿಂತ ಮೊದಲು ಹಕ್ಕು ಸಾಧಿಸಿದ್ದವಳು ಅಕ್ಕ. ಯಾಕೆಂದರೆ ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವುದು ತಂದೆಯ ಅಕ್ಕತಂಗಿಯರ ಕೆಲಸ. ಸೋದರತ್ತೆಯಾದವಳು ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, ಕುರ್ರ್ ಎಂದು ಊದಿ ಹೆಸರು ಹೇಳಬೇಕು. ಹೇಳಿದ್ದೇ ತಡ, ಹಿಂದೆ ಕಾದು ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಬೇಕು. ಯಾಕೆ ಗುದ್ದಬೇಕೆಂದು ಕೇಳಬೇಡಿ. ಹೆಸರು ಗಟ್ಟಿಯಾಗಲಿ ಎಂದು ಕೆಲವರು ಹೇಳುತ್ತಾರೆ. ಬೀಗರ ಕಡೆಯ ಹೆಣ್ಣುಮಕ್ಕಳಿಗೆ ಗಂಡನ ಕಡೆಯವರ ಮೇಲೆ ಕೈಮಾಡಲು ಸಿಗುವ ಒಂದೇ ಅವಕಾಶ ಎಂದು ಶೋಭಾ ಹೇಳುತ್ತಾಳೆ, ಅದು ಹೆಚ್ಚು ಸರಿ ಇರಬಹುದು.

ಗುದ್ದುವುದರಲ್ಲಿ ನಮ್ಮ ಅಕ್ಕನದು ದೊಡ್ಡ ಹೆಸರು. ಬಳಗದಲ್ಲಿ ಯಾರ ಮನೆಯ ತೊಟ್ಟಿಲಿದ್ದರೂ ಮೊದಲ ಗುದ್ದು ಅವಳದೇ. ಕಟಕೋಳದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಸುಮಾ, ತನ್ನ ಅಣ್ಣನ ಮಗನಿಗೆ ಹೆಸರಿಟ್ಟು ಒಂದು ವಾರ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದಳು. ಆದರೆ ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ, ನನಗೆ ಮಕ್ಕಳಿರಲಿಲ್ಲ. ಹಾಗಾಗಿ ಅವಳ ಬೆನ್ನಿಗೆ ಯಾರ ಕೈಯೂ ಬಿದ್ದಿರಲಿಲ್ಲ. ಎಲ್ಲರಿಗೂ ಗುದ್ದಿ ನಗಿಸಿ ಬಂದವಳು, ಕೈಕಾಲು ತೊಳೆಯುವಾಗ ಒಮ್ಮೆ ಶೋಭಾಳ ಮುಂದೆ, ನನ್ನ ಬೆನ್ನು ಹಾಂಗ ಉಳೀತು ನೋಡವಾ ಎಂದಿದ್ದಳಂತೆ. ಬಸುರಿನ ಸುದ್ದಿ ಕೇಳಿದಾಗ ಫೋನಿನಲ್ಲಿ ಅತ್ತು, ಆಮೇಲೆ ಹೆಣ್ಣಾದರೆ ನಮ್ಮವ್ವನ ಹೆಸರು, ನೀಲಾ, ಗಂಡಾದರೆ ನಿಮ್ಮಿಷ್ಟ ಎಂದು ತೀರ್ಪು ಕೊಟ್ಟಳು. ಅದಾಗಿ ಸ್ವಲ್ಪ ದಿನಕ್ಕೇ ಲಕ್ವಾ ಹೊಡೆಯಿತು.

ಹೆಣ್ಣೇ ಹುಟ್ಟಿತು, ಕಿತ್ತೂರಿನಲ್ಲಿ, ಶೋಭಾಳ ತವರಿನಲ್ಲಿ. ತೊಟ್ಟಿಲಿನ ದಿನ ಗೊತ್ತುಮಾಡಿದರು. ನಾನು ಬಹಳ ಯೋಚಿಸಿದೆ. ಅಷ್ಟು ಜನರ ನಡುವೆ ಅಕ್ಕ ಬಗ್ಗಿ ನಿಲ್ಲಬೇಕು, ಹೆಸರು ಬರದೆ ಚಪ್ಪಲಿಯೋ ಬಕೆಟ್ಟೋ ಬರಬೇಕು, ಯಾರಾದರೂ ಬಾಯಿ ಮುಚ್ಚಿಕೊಂಡು ನಗಬೇಕು. ಬೇಡ. ಕಾನೂನು ನನ್ನ ಬೆನ್ನಿಗಿತ್ತು. ಅಕ್ಕ ಮಾತು ಕೊಟ್ಟಿದ್ದು ನಿಜ, ಆದರೆ ಯಾರ ತಪ್ಪೂ ಇಲ್ಲದೆ ಅದು ಅಸಾಧ್ಯವಾಗಿದೆ, ಅವಳು ಬಿಡುಗಡೆ. ಸುಮಾಳನ್ನು ಫೋನಿನಲ್ಲಿ ಒಪ್ಪಿಸಿ, ಅಕ್ಕನಿಗೆ ತಿಳಿಸಲೆಂದು ರಾಮದುರ್ಗಕ್ಕೆ ಹೋದೆ. ಒಳ್ಳೆಯ ಕೆಲಸಕ್ಕೆ ಹೊರಟವನ ಹಾಗೆ ಹಣ್ಣು ಬೇರೆ ಒಯ್ದಿದ್ದೆ.

ಅಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು. ನಾನು ಮೆಲ್ಲಗೆ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದೆ. ಹೆಸರು ಸುಮಾ ಇಡುತ್ತಾಳೆ, ನೀನು ಆರಾಮ ಬಂದು ಮುಂದಿನ ಕುರ್ಚಿಯಲ್ಲಿ ಕೂತರೆ ಸಾಕು, ನಿನಗೆ ತ್ರಾಸ ಬೇಡ. ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. ಬಾಯಿ ತೆರೆದಳು. ಬಂದದ್ದು ಛತ್ರಿ. ತಲೆ ಅಲ್ಲಾಡಿಸಿದಳು, ಅದಲ್ಲ ಎಂಬಂತೆ. ಮತ್ತೆ ಛತ್ರಿ. ನಾನು ಎದ್ದು ಮೂಲೆಯಲ್ಲಿದ್ದ ಛತ್ರಿ ತಂದು ಕೈಗೆ ಕೊಟ್ಟೆ. ಎಲ್ಲ ಗೊತ್ತಿದ್ದೂ ತಂದು ಕೊಟ್ಟೆ ನೋಡಿ, ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆಸಿಕೊಳ್ಳುವ ಬುದ್ಧಿ. ಅಕ್ಕ ಅದನ್ನು ಎಡಗೈಯಿಂದ ಬೀಸಿ ಒಗೆದಳು. ಅದು ಹಣ್ಣಿನ ಚೀಲಕ್ಕೆ ಬಡಿದು, ಮೋಸಂಬಿ ಮನೆತುಂಬ ಉರುಳಿದವು. ಆಮೇಲೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡವಳು ನಾನು ಹೊರಡುವವರೆಗೂ ತಿರುಗಲಿಲ್ಲ.

ಬಾಗಿಲ ತನಕ ಕಳಿಸಲು ಬಂದ ಮಾವ ನಾನು ಚಪ್ಪಲಿ ಮೆಟ್ಟುವಾಗ ಹೇಳಿದರು:

“ಕೂಸು ಹುಟ್ಟಿದಾಗಿಂದ ದಿನಾ ಮುಂಜಾನಿ ಕನ್ನಡಿ ಮುಂದ ಕುಂತು ಅದೊಂದ ಹೆಸರ ಹೇಳಾಕ ಹತ್ತ್ಯಾಳ, ತಮ್ಮಾ. ಒಮ್ಮೊಮ್ಮಿ ಬರ್ತೈತಿ, ಒಮ್ಮೊಮ್ಮಿ ಬರೂದಿಲ್ಲ.”

ಬಸ್ಸಿನಲ್ಲಿ ನನ್ನದೇ ಸರಿ ಎಂದು ವಾದ ಜೋಡಿಸಿಕೊಳ್ಳುತ್ತಾ ಕಿತ್ತೂರಿಗೆ ಹೋದೆ. ಒಮ್ಮೊಮ್ಮೆ ಬರುವುದಿಲ್ಲ ಎಂದು ಮಾವನೇ ಹೇಳಿದ್ದಾರೆ ತಾನೇ. ಶೋಭಾ ಕೂಸಿಗೆ ಹಾಲು ಕುಡಿಸುತ್ತಾ ಎಲ್ಲ ಕೇಳಿದಳು. ಬಾಣಂತಿಯ ಮುಂದೆ ದನಿ ಏರಿಸಬಾರದೆಂದು ನಾನು ತಗ್ಗಿಸಿಯೇ ವಾದ ಮಂಡಿಸಿದೆ. ಮನಃಶಾಸ್ತ್ರದ ಪಾಠ ಬರುತ್ತದೆಂದು ಕಾಯುತ್ತಿದ್ದೆ, ಬರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು:

“ಆಗೂದಿಲ್ಲಂತ ಅಕ್ಕಾರ ಅಂದಾರೇನ್ರಿ?”

ಅಂದಿರಲಿಲ್ಲ. ಅಲ್ಲದೆ ಇದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಬಸಣ್ಣನಂಥವರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ: ಕೆಲಸ ಕಷ್ಟವಾಯಿತು, ದುಬಾರಿಯಾಯಿತು ಎಂದ ಮಾತ್ರಕ್ಕೆ ಕರಾರು ಬೀಳುವುದಿಲ್ಲ, ಅದು ಆಗುವುದೇ ಇಲ್ಲ ಎಂದಾಗಬೇಕು. ಅಕ್ಕನ ವಿಷಯದಲ್ಲಿ ನಾನು ಕಷ್ಟವನ್ನು ಅಸಾಧ್ಯ ಎಂದು ಬರೆದು, ಅವಳನ್ನು ಕೇಳದೆಯೇ ತೀರ್ಪು ಓದಿ ಬಂದಿದ್ದೆ. ಲಕ್ವಾ ಅವಳ ದಾರಿಗೆ ಅಡ್ಡ ಬಂದದ್ದು ಯಾರ ತಪ್ಪೂ ಅಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಡ್ಡ ಇಟ್ಟವನು ನಾನು. ಶೋಭಾ ವಿಡಿಯೋ ಕರೆ ಮಾಡಿ, ಕೂಸಿನ ಕಿವಿಯನ್ನು ಫೋನಿಗೆ ತೋರಿಸಿ, ನೀವೇ ಬಂದು ಹೆಸರಿಡಬೇಕು ಅಕ್ಕಾರ, ನೀವು ಬರದಿದ್ದರೆ ತೊಟ್ಟಿಲು ಕಟ್ಟುವುದಿಲ್ಲ ಎಂದಳು. ಅಕ್ಕನ ಮುಖ ಸ್ವಲ್ಪ ಹೊತ್ತು ಪರದೆಯ ಮೇಲಿತ್ತು. ಆಮೇಲೆ ಫೋನು ಕಟ್ಟಾಯಿತು. ಬರುತ್ತಾಳೋ ಇಲ್ಲವೋ ತಿಳಿಯಲಿಲ್ಲ.

ತೊಟ್ಟಿಲಿನ ದಿನ ಕಿತ್ತೂರಿನ ಮನೆ ಗಿಜಿಗುಟ್ಟುತ್ತಿತ್ತು. ರಾಮದುರ್ಗದ ಗಾಡಿ ಬರಲಿಲ್ಲ. ಹಂಚಲು ಬೇಯಿಸಿಟ್ಟ ಕಾಳಿನ ಗುಗ್ಗರಿ ಆರಿತು, ಕೂಸು ಎರಡು ನಿದ್ದೆ ಮಾಡಿ ಎದ್ದಿತು. ಸುಮಾ ಯಾವುದಕ್ಕೂ ಇರಲಿ ಎಂದು ಸೆರಗು ಸಿಕ್ಕಿಸಿ ತೊಟ್ಟಿಲ ಪಕ್ಕ ತಯಾರಾಗಿದ್ದಳು. ನಾನು ರಸ್ತೆಗೂ ಒಳಗೂ ಓಡಾಡಿ ಎಲ್ಲರ ಕೈಲಿ ಬೈಸಿಕೊಂಡೆ. ಕಡೆಗೆ ಗಾಡಿ ಬಂತು. ಅಕ್ಕ ಹಸಿರು ಸೀರೆ ಉಟ್ಟಿದ್ದಳು. ಮಾವನ ಭುಜ ಹಿಡಿದು ಕಾಲೆಳೆಯುತ್ತಾ ಬಂದವಳು ಹೊಸ್ತಿಲಲ್ಲಿ ಮಾವನ ಕೈ ಬಿಡಿಸಿ, ಒಬ್ಬಳೇ ತೊಟ್ಟಿಲ ತನಕ ನಡೆದಳು. ನನ್ನ ಕಡೆ ನೋಡಲಿಲ್ಲ.

ಎಡಗೈಯಿಂದ ತೊಟ್ಟಿಲ ಅಂಚು ಹಿಡಿದು ಬಗ್ಗಿದಳು. ಅವಳ ಹಿಂದೆ ಹೆಂಗಸರು ಒತ್ತಾಗಿ ನಿಂತರು. ಅಕ್ಕನ ತುಟಿ ಕೂಸಿನ ಕಿವಿಯ ಹತ್ತಿರ ಅಲುಗುವುದು ಕಾಣುತ್ತಿತ್ತು, ಶಬ್ದ ಕೇಳಿಸುತ್ತಿರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಸುಮಾ ತಡೆಯಲಾರದೆ, ತಾನು ಹೇಳಲೇ ಎಂದು ಬಗ್ಗಿದಳು. ಅಕ್ಕ ಮೊಣಕೈಯಿಂದ ಅವಳನ್ನು ಆಚೆ ತಳ್ಳಿ, ಮತ್ತೆ ಕಿವಿಗೆ ಬಾಯಿ ಹಚ್ಚಿದಳು. ಹೆಸರು ಹೇಳಿಕೊಡಲು ನನ್ನ ಬಾಯಿ ತಂತಾನೇ ನೀ ಎಂದು ತೆರೆಯಿತು. ಪಕ್ಕದಲ್ಲಿದ್ದ ಮಾವ ನನ್ನ ರಟ್ಟೆ ಹಿಡಿದರು. ಎಷ್ಟೋ ಹೊತ್ತಿನ ಮೇಲೆ ಕೂಸು ತಟ್ಟನೆ ಅಕ್ಕನ ಕಡೆ ಮುಖ ತಿರುಗಿಸಿತು. ಅಕ್ಕ ಉಸಿರು ಬಿಟ್ಟು, ಆಯಿತು ಎಂಬಂತೆ ತಲೆ ಆಡಿಸಿದಳು. ಹೇಳಿದ್ದು ನೀಲಾ ಎಂದೋ ಮತ್ತೊಂದೋ, ಅದು ಅವಳಿಗೆ ಮತ್ತು ನನ್ನ ಮಗಳಿಗೆ ಬಿಟ್ಟದ್ದು.

ಈಗ ಗುದ್ದಬೇಕು. ಯಾರ ಕೈಯೂ ಮುಂದೆ ಬರಲಿಲ್ಲ. ಶೋಭಾಳ ತಾಯಿ, ನಮ್ಮ ಅತ್ತೆ, ಸುಮಾಳ ಮುಖ ನೋಡಿದರು, ಸುಮಾ ಅತ್ತೆಯ ಮುಖ ನೋಡಿದಳು. ಆಮೇಲೆ ಒಬ್ಬೊಬ್ಬರಾಗಿ, ಕಾದ ಹಂಚು ಮುಟ್ಟುವ ಹಾಗೆ, ಎರಡು ಬೆರಳಿನಿಂದ ಅಕ್ಕನ ಬೆನ್ನು ಸವರಿ ಹಿಂದೆ ಸರಿದರು. ಯಾರೋ ಪಾಪ ಎಂದರು. ಅಕ್ಕನ ಮುಖ ಕೆಂಪಗಾಯಿತು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅವಳು ಬಗ್ಗಿದ್ದಲ್ಲಿಂದಲೇ ಕತ್ತು ತಿರುಗಿಸಿ ಎಲ್ಲರನ್ನೂ ನೋಡಿದಳು. ಒಂದು ಶಬ್ದಕ್ಕೂ ತಡವರಿಸದೆ, ಅಂಗಡಿಯ ಆ ಹಳೆಯ ದನಿಯಲ್ಲೇ ಹೇಳಿದಳು:

“ಜೋರ ಗುದ್ರಿ. ಸತ್ತಿಲ್ಲ ನಾ.”

ಶೋಭಾ ಕೂತಲ್ಲಿಂದ ಎದ್ದಳು. ಬಾಣಂತಿ, ಏಳಬೇಡ ಎಂದು ಅವಳ ತಾಯಿ ಹೇಳುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಬಂದು, ಮುಷ್ಟಿ ಕಟ್ಟಿ, ಅಕ್ಕನ ಬೆನ್ನ ನಟ್ಟನಡುವೆ ಒಂದು ಗುದ್ದು ಗುದ್ದಿದಳು. ಅದು ಪಡಸಾಲೆಯ ಗಂಡಸರಿಗೆಲ್ಲ ಕೇಳಿಸಿತು. ಆಮೇಲೆ ಸುಮಾ, ಆಮೇಲೆ ಅತ್ತೆ, ಆಮೇಲೆ ಯಾರು ಯಾರೋ. ಕೂಸು ಹೆದರಿ ಚೀರಿತು. ಅಕ್ಕ ಗುದ್ದುಗಳ ಕೆಳಗೆ ಒಂದು ಕಡೆ ಸೊಟ್ಟಗಾದ ಬಾಯಿಂದ ನಗುತ್ತಿದ್ದಳು, ಕಣ್ಣೀರು ಕೂಸಿನ ಹಾಸಿಗೆಯ ಮೇಲೆ ಬೀಳುತ್ತಿತ್ತು. ಎಲ್ಲರೂ ಗುದ್ದಿ, ಕೈ ಝಾಡಿಸಿಕೊಂಡು ಹಿಂದೆ ಸರಿದರು. ಅಕ್ಕ ಮಾತ್ರ ಏಳಲಿಲ್ಲ. ಇನ್ನೂ ಯಾರಾದರೂ ಉಳಿದಿರಬಹುದೆಂದು, ತೊಟ್ಟಿಲ ಅಂಚು ಬಿಗಿಯಾಗಿ ಹಿಡಿದು, ಬೆನ್ನು ಒಡ್ಡಿಕೊಂಡೇ ನಿಂತಿದ್ದಳು.